ಕಡಲಂಚಿನ ಈಜುಕೊಳ: ಸರ್ಕಾರ ಕಟ್ಟಿದ್ದೇಕೆ, ಕೈಬಿಟ್ಟಿದ್ದೇಕೆ?

ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಪಟ್ಟಣದ ಕಡಲಬಂಡೆಗಳ ನಡುವೆ ಬೋಗಿ ಹೋಲ್ ಎಂಬ ಕೊಳವಿದೆ. 1819ರ ಸುಮಾರಿಗೆ ಅಲ್ಲಿನ ಕೈದಿಗಳ ನೆಲೆಯ ಕಮಾಂಡೆಂಟ್ ಆಗಿದ್ದ ಮೇಜರ್ ಜೇಮ್ಸ್ ಮೊರಿಸೆಟ್ ಅದನ್ನು ಕೈದಿಗಳಿಂದ ಕಡಿಸಿದ, ತನ್ನ ಸ್ವಂತ ಜಳಕಕ್ಕೆ. ಬಂಡೆ ಸರ್ಕಾರದ್ದು, ಬಿಟ್ಟಿ ಕೂಲಿ ಸರ್ಕಾರದ್ದು, ಸ್ನಾನ ಮಾತ್ರ ಸಾಹೇಬರದ್ದು. 1863ರಲ್ಲಿ ಕೊಳ ಪುರಸಭೆಯ ಕೈಗೆ ಬಂದ ಮೇಲೆಯೇ ಊರಿನ ಜನ ಅದರಲ್ಲಿ ಹಕ್ಕಿನಿಂದ ಇಳಿದರು.

ಅಲ್ಲಿಂದ ಮುಂದೆ ನೂರಿಪ್ಪತ್ತು ವರ್ಷಗಳಲ್ಲಿ ಬ್ರಿಟನ್, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕ, ಅಮೆರಿಕ, ಪೋರ್ಚುಗಲ್‌ಗಳ ಕರಾವಳಿಯುದ್ದಕ್ಕೂ ಪಾಲಿಕೆ, ಪುರಸಭೆಗಳು ನೂರಾರು ಕೊಳಗಳನ್ನು ಕಟ್ಟಿಸಿದವು. ಇಡೀ ಸಮುದ್ರವೇ ಕಾಸಿಲ್ಲದೆ ಎದುರಿಗಿರುವಾಗ ಅದರ ದಡದಲ್ಲಿ ಜನರ ತೆರಿಗೆ ಹಣ ಹಾಕಿ ಕೊಳ ಕಟ್ಟಿದ್ದೇಕೆ? ಚರಿತ್ರೆಕಾರರು ಇದಕ್ಕೆ ಬೇರೆಬೇರೆ ಉತ್ತರ ಕೊಟ್ಟಿದ್ದಾರೆ. ಆ ಉತ್ತರಗಳಲ್ಲಿ ಹೆಚ್ಚಿನವು ಕೊಳ ಹುಟ್ಟಿದ ಕಾರಣವನ್ನು ಹೇಳುತ್ತವೆ. ಒಂದು ಕೊಳ ಉಳಿದು ಇನ್ನೊಂದು ಅಳಿದದ್ದು ಏಕೆ ಎಂದು ಕೇಳಿದರೆ ಮಾತು ತಡವರಿಸುತ್ತದೆ. ಈ ಲೇಖನ ಎರಡನ್ನೂ ಕೇಳುತ್ತದೆ.

ಎರಡು ಬಗೆ

ಕಡಲಂಚಿನ ಕೊಳಗಳಲ್ಲಿ ಎರಡು ಬಗೆ. ಒಂದು, ಬಂಡೆಯ ಹಾಸಿನ ಮೇಲೆ ಗೋಡೆ ಎತ್ತಿ ಉಬ್ಬರದ ನೀರನ್ನು ಹಿಡಿದಿಡುವ ಕೊಳ. ಗೋಡೆಯ ಎತ್ತರ ಉಬ್ಬರ ಮತ್ತು ಇಳಿತದ ಗೆರೆಗಳ ನಡುವೆ ಇರುತ್ತದೆ. ಉಬ್ಬರ ಬಂದಾಗ ಅಲೆ ಗೋಡೆ ದಾಟಿ ಹಳೆಯ ನೀರನ್ನು ತಳ್ಳಿ ಹೊಸ ನೀರು ತುಂಬುತ್ತದೆ, ತೂಬು ತೆಗೆದರೆ ಇಳಿತದ ಹೊತ್ತಿಗೆ ಕೊಳ ಬರಿದಾಗುತ್ತದೆ. ಪಂಪೂ ಬೇಡ, ಕ್ಲೋರಿನ್ನೂ ಬೇಡ. ಆದರೆ ಮರಳು, ಪಾಚಿ, ಕಡಲಕಳೆಗಳನ್ನು ತೆಗೆಯುವ ಆಳು ಬೇಕೇ ಬೇಕು. ಇನ್ನೊಂದು, ಬ್ರಿಟಿಷರು ಲಿಡೊ ಎಂದು ಕರೆಯುವ ಬಗೆ. ದಡದ ಮೇಲೆ ಕಾಂಕ್ರೀಟಿನಲ್ಲಿ ಕಟ್ಟಿ, ಸಮುದ್ರದ ನೀರನ್ನೋ ಸಿಹಿನೀರನ್ನೋ ಪಂಪಿನಿಂದ ತುಂಬಿ, ಸುತ್ತ ಮೆಟ್ಟಿಲು, ಕಾರಂಜಿ, ಕೆಫೆ ಇಟ್ಟ ಕೊಳ. ಮೊದಲನೆಯದಕ್ಕೆ ಖರ್ಚು ಕಡಿಮೆ, ಹಾಗಾಗಿ ಆಯುಷ್ಯ ಹೆಚ್ಚು. ಮುಂದಿನ ಕಥೆಯಲ್ಲಿ ಈ ವ್ಯತ್ಯಾಸದ ಪಾತ್ರ ದೊಡ್ಡದು, ಸಿದ್ಧಾಂತಗಳನ್ನು ಕಟ್ಟಿದವರು ಮಾತ್ರ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲ.

ಆರೋಗ್ಯ ಮತ್ತು ಪ್ರಾಣರಕ್ಷಣೆ

ಎಲ್ಲಕ್ಕಿಂತ ಹಳೆಯ ವಿವರಣೆ ಇದು, ಸರ್ಕಾರಗಳು ತಮ್ಮ ಬಾಯಿಂದಲೇ ಹೇಳಿಕೊಂಡದ್ದೂ ಇದನ್ನೇ. 1846ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಸಾರ್ವಜನಿಕ ಸ್ನಾನಗೃಹ ಮತ್ತು ಬಟ್ಟೆ ಒಗೆಯುವ ಮನೆಗಳ ಕಾಯ್ದೆ ತಂದು, ಸ್ಥಳೀಯ ತೆರಿಗೆಯ ಆಧಾರದ ಮೇಲೆ ಸಾಲ ಎತ್ತಿ ಇಂಥವನ್ನು ಕಟ್ಟಲು ಊರುಗಳಿಗೆ ಅಧಿಕಾರ ಕೊಟ್ಟಿತು. ಕಟ್ಟಲೇಬೇಕು ಎಂದು ಹೇಳಲಿಲ್ಲ, ಬೇಕಿದ್ದರೆ ಕಟ್ಟಿ ಎಂದಿತು. ಕಾಲರಾ ಕಾಡುತ್ತಿದ್ದ ಕಾಲ ಅದು. ಬಡವರ ಮೈ ತೊಳೆಸುವುದು ಮೊದಲ ಗುರಿ, ಈಜು ನಂತರ ಬಂದದ್ದು. 1878ರ ತಿದ್ದುಪಡಿಯಲ್ಲಿ ಒಳಾಂಗಣ ಈಜುಕೊಳಗಳಿಗೂ ಅವಕಾಶವಾಯಿತು.

ಸಮುದ್ರದ ದಡದಲ್ಲಿ ಪ್ರಾಣದ ಪ್ರಶ್ನೆ ಜೊತೆಗೂಡಿತು. ಸಿಡ್ನಿಯ ಸುತ್ತಲಿನ ಕಡಲತೀರಗಳಲ್ಲಿ ಸೆಳೆತ ಬಲವಾದದ್ದು, ಶಾರ್ಕಿನ ಭಯವೂ ಇತ್ತು. ವೇವರ್ಲಿ ಪುರಸಭೆಯ ಬ್ರಾಂಟಿ ಕೊಳ 1887ರಲ್ಲಿ ತೆರೆಯಿತು. 1929ರಲ್ಲಿ ಕೂಜಿಯಲ್ಲಿ ಶಾರ್ಕ್ ನುಗ್ಗದಂಥ ಬಲೆಯ ಆವರಣ ಹಾಕಿದರು, 1937ರಿಂದ ಸಿಡ್ನಿಯ ತೀರಗಳಲ್ಲಿ ಸರ್ಕಾರವೇ ಶಾರ್ಕ್ ಬಲೆ ಬಿಡಿಸಲು ಶುರುಮಾಡಿತು.

ಈ ವಾದದ ಬಲ ಸ್ಪಷ್ಟ. ಈಜು ಬಾರದ ಮಗುವಿಗೆ ಅಲೆಯಿಲ್ಲದ ಉಪ್ಪುನೀರು ಕೊಟ್ಟರೆ ಅದು ಕಲಿಯುತ್ತದೆ. ದೌರ್ಬಲ್ಯವೂ ಅಷ್ಟೇ ಸ್ಪಷ್ಟ. ಸಾವು ಎಲ್ಲ ಕಾಲದಲ್ಲೂ ಇತ್ತು, ಕೊಳಗಳು ಮಾತ್ರ ಕೆಲವು ದಶಕಗಳಲ್ಲಿ ಗುಂಪುಗುಂಪಾಗಿ ಹುಟ್ಟಿದವು. ಮೇಲಾಗಿ ಕಟ್ಟಿದ್ದೆಲ್ಲ ಕಾಪಾಡುವುದಿಲ್ಲ. ಕೇಪ್ ಟೌನಿನ ಮೊನ್ವಾಬಿಸಿಯಲ್ಲಿ 1980ರ ದಶಕದಲ್ಲಿ ಕಟ್ಟಿದ ಕೊಳ ಮತ್ತು ಅಲೆತಡೆಯ ಪಕ್ಕದ ನೀರು ಆ ಕರಾವಳಿಯ ಅಪಾಯದ ಜಾಗಗಳಲ್ಲೊಂದು ಎಂದೇ ಕುಖ್ಯಾತವಾಯಿತು.

ಕೂಲಿ ಮತ್ತು ಪೈಪೋಟಿ

ಇಸವಿಗಳನ್ನು ಸಾಲಾಗಿ ಬರೆದಿಟ್ಟು ನೋಡಿದರೆ ಎರಡನೆಯ ವಿವರಣೆ ತಾನಾಗಿಯೇ ಎದ್ದು ಕಾಣುತ್ತದೆ. ಕಾರ್ನ್‌ವಾಲ್‌ನ ಬ್ಯೂಡ್ 1930. ಸ್ಕಾಟ್‌ಲೆಂಡಿನ ಸ್ಟೋನ್‌ಹೇವನ್ 1934, ಲಿವರ್‌ಪೂಲ್ ಎದುರಿನ ನ್ಯೂ ಬ್ರೈಟನ್ 1934. ಪೆನ್ಝಾನ್ಸ್‌ನ ಜ್ಯುಬಿಲಿ ಕೊಳ, ಪ್ಲಿಮತ್‌ನ ಟಿನ್‌ಸೈಡ್, ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನ ಮೆರಿವೆದರ್, ಈ ಮೂರೂ 1935. ಮೊರ್ಕಾಂಬ್ 1936, ಮಾರ್ಗೇಟ್‌ನ ವಾಲ್‌ಪೋಲ್ ಬೇ 1937, ಸಾಲ್ಟ್‌ಡೀನ್ 1938. ಮಹಾ ಆರ್ಥಿಕ ಕುಸಿತದ ದಶಕವಿಡೀ ಕೊಳಗಳ ಸುಗ್ಗಿ. ಖಜಾನೆ ಬರಿದಾಗಿದ್ದಾಗ ಪುರಸಭೆಗಳಿಗೆ ಇಷ್ಟು ಉದಾರಬುದ್ಧಿ ಎಲ್ಲಿಂದ ಬಂತು?

ಉತ್ತರ, ಕೂಲಿಯಿಂದ. ಬ್ರಿಟನ್ನಿನಲ್ಲಿ ನಿರುದ್ಯೋಗ ಅನುದಾನ ಸಮಿತಿ 1920ರಲ್ಲೇ ಹುಟ್ಟಿ, ಕೆಲಸವಿಲ್ಲದವರಿಗೆ ಕೆಲಸ ಕೊಡುವ ಸ್ಥಳೀಯ ಕಾಮಗಾರಿಗಳಿಗೆ ನೆರವು ಕೊಡುತ್ತಿತ್ತು. ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1930ರ ದಶಕದ ಪರಿಹಾರ ಕಾಮಗಾರಿಗಳಲ್ಲಿ ಕಡಲಕೊಳಗಳು ಎದ್ದವು. ನಮ್ಮಲ್ಲಿ ಬರ ಬಿದ್ದ ವರ್ಷ ಕೆರೆ ಹೂಳೆತ್ತುವ ಕೆಲಸ ಕೊಡುತ್ತಿದ್ದರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ: ಗುದ್ದಲಿ, ಹಾರೆ, ತುಂಬಾ ಕೈಗಳು, ಕಡಿಮೆ ಯಂತ್ರ. ಬಂಡೆ ಒಡೆದು ಕಾಂಕ್ರೀಟು ಸುರಿಯುವ ಕೆಲಸ ಇದಕ್ಕೆ ಹೇಳಿ ಮಾಡಿಸಿದ್ದು. ಕೊನೆಗೆ ಉದ್ಘಾಟನೆಗೆ ಚಂದದ ವಸ್ತುವೂ ಸಿಗುತ್ತದೆ. ಚರಂಡಿ ಕಟ್ಟಿಸಿದ ಮೇಯರನ್ನು ನೆನಪಿಡುವವರು ಯಾರು?

ಕೂಲಿಯ ಜೊತೆಗೆ ಪೈಪೋಟಿಯೂ ಇತ್ತು. ಇಂಗ್ಲೆಂಡಿನ ರಜಾ ಪಟ್ಟಣಗಳು ಕಾರ್ಖಾನೆಯ ಕೆಲಸಗಾರರನ್ನು ಸೆಳೆಯಲು ಒಂದರೊಡನೊಂದು ಸೆಣಸುತ್ತಿದ್ದವು. ಸ್ಕಾರ್‌ಬರೋ 1915ರಲ್ಲೇ ದಕ್ಷಿಣ ಕೊಲ್ಲಿಯಲ್ಲಿ ಕೊಳ ತೆರೆದಿತ್ತು. ಬ್ಲ್ಯಾಕ್‌ಪೂಲ್ 1923ರಲ್ಲಿ ಅದನ್ನು ಮೀರಿಸುವ ಭಾರಿ ಕೊಳ ಕಟ್ಟಿತು, 1928ರಲ್ಲಿ ಸೌತ್‌ಪೋರ್ಟ್ ಬೆನ್ನಟ್ಟಿತು, ಮೊರ್ಕಾಂಬ್ ತನ್ನದನ್ನು 'ಮಹಾ ಈಜು ಕ್ರೀಡಾಂಗಣ' ಎಂದೇ ಕರೆಯಿತು. ಇವನ್ನು ರೂಪಿಸಿದವರಲ್ಲಿ ಅನೇಕರು ಹೆಸರಾಂತ ವಾಸ್ತುಶಿಲ್ಪಿಗಳಲ್ಲ, ಪುರಸಭೆಯ ಸಂಬಳದ ಎಂಜಿನಿಯರುಗಳು. ಸ್ಕಾರ್‌ಬರೋದಲ್ಲಿ ಹ್ಯಾರಿ ಡಬ್ಲ್ಯೂ. ಸ್ಮಿತ್, ಪೆನ್ಝಾನ್ಸ್‌ನಲ್ಲಿ ಕ್ಯಾಪ್ಟನ್ ಫ್ರಾಂಕ್ ಲೇಥಮ್. ಅಟ್ಲಾಂಟಿಕ್ ಅಲೆಗಳ ಹೊಡೆತ ಸೀಳಿಹೋಗುವಂತೆ ಲೇಥಮ್ ತನ್ನ ಕೊಳಕ್ಕೆ ತ್ರಿಕೋನದ ಆಕಾರ ಕೊಟ್ಟ.

ಜಾನೆಟ್ ಸ್ಮಿತ್ ಅವರ 2005ರ ಪುಸ್ತಕ ಬ್ರಿಟನ್ನಿನ ಬಯಲು ಕೊಳಗಳ ಒಟ್ಟು ಚಿತ್ರ ಕೊಡುತ್ತದೆ. ಕೆನ್ ವೋರ್ಪೋಲ್ 2000ದಲ್ಲಿ ಪ್ರಕಟಿಸಿದ ಕೃತಿಯಲ್ಲಿ ಇದನ್ನೇ ಇನ್ನಷ್ಟು ಎತ್ತರದಿಂದ ನೋಡಿ, ಬಿಸಿಲು, ಗಾಳಿ, ನೀರನ್ನು ಎಲ್ಲರಿಗೂ ಹಂಚಬೇಕೆಂಬ 20ನೇ ಶತಮಾನದ ಯುರೋಪಿನ ನಗರಾಡಳಿತದ ಕನಸಿನ ಭಾಗವಾಗಿ ಲಿಡೊಗಳನ್ನು ಓದುತ್ತಾರೆ. ಓದಲು ಸೊಗಸಾದ ವಾದ. ಆದರೆ ಕನಸು ಎಷ್ಟೇ ಇದ್ದರೂ ನಿರುದ್ಯೋಗದ ಅನುದಾನವಿಲ್ಲದೆ ಅಷ್ಟೊಂದು ಕಾಂಕ್ರೀಟು ಬೀಳುತ್ತಿರಲಿಲ್ಲ ಎಂಬುದು ನನ್ನ ತೀರ್ಮಾನ. ಯಾವಾಗ ಎಂಬ ಪ್ರಶ್ನೆಗೆ ಕೂಲಿಯ ವಾದವನ್ನು ಮೀರಿಸಿದ್ದು ಇನ್ನೊಂದಿಲ್ಲ. ಎಲ್ಲಿ, ಯಾರಿಗಾಗಿ ಎಂಬ ಪ್ರಶ್ನೆಗಳಿಗೆ ಬಂದರೆ ಅದು ಮೌನ.

ಯಾರು ಒಳಗೆ, ಯಾರು ಹೊರಗೆ

ಗೋಡೆ ಎಂದ ಮೇಲೆ ಬಾಗಿಲಿರುತ್ತದೆ, ಬಾಗಿಲಲ್ಲಿ ಕಾವಲೂ ಇರುತ್ತದೆ. ಮೂರನೆಯ ಪಂಥದವರು ಸರ್ಕಾರದ ಕೊಳವನ್ನು ಹತೋಟಿಯ ಸಾಧನವಾಗಿ ನೋಡುತ್ತಾರೆ.

19ನೇ ಶತಮಾನದಲ್ಲಿ ಸಿಡ್ನಿಯ ತೀರಗಳಲ್ಲಿ ಹಗಲು ಹೊತ್ತು ಜನರ ಕಣ್ಣಿಗೆ ಬೀಳುವಂತೆ ಸಮುದ್ರಕ್ಕಿಳಿಯುವುದೇ ಅಪರಾಧವಾಗಿತ್ತು. 1902ರಲ್ಲಿ ಮ್ಯಾನ್ಲಿಯ ಪತ್ರಿಕೆಯೊಂದರ ಸಂಪಾದಕ ವಿಲಿಯಂ ಗೋಚರ್ ಹಾಡುಹಗಲೇ ನೀರಿಗಿಳಿದು ನಿಯಮಕ್ಕೆ ಸವಾಲು ಹಾಕಿದ, ಮರುವರ್ಷ ಮ್ಯಾನ್ಲಿ ಪುರಸಭೆ ಮೈಮುಚ್ಚುವ ಉಡುಪಿನ ಷರತ್ತಿನ ಮೇಲೆ ನಿಷೇಧ ಸಡಿಲಿಸಿತು. ಗೋಡೆ, ಬೇಲಿಗಳ ಕೊಳ ಆ ಕಾಲದ ಮರ್ಯಾದೆಯ ಪ್ರಶ್ನೆಗೆ ಅನುಕೂಲದ ಉತ್ತರವಾಗಿತ್ತು. ಗಂಡಸರಿಗೆ ಒಂದು, ಹೆಂಗಸರಿಗೆ ಒಂದು, ಇಲ್ಲವೇ ಒಂದೇ ಕೊಳಕ್ಕೆ ಬೇರೆಬೇರೆ ವೇಳೆ.

ಆದರೆ ಇದೇ ಪ್ರತ್ಯೇಕತೆ ಕೂಜಿಯಲ್ಲಿ ತಿರುವು ಪಡೆದಿದೆ. ಮಕೈವರ್ಸ್ ಹೆಂಗಸರ ಕೊಳ 1886ರಿಂದ ಇದೆ. 1922ರಿಂದ ಮಹಿಳೆಯರ ಈಜು ಸಂಘವೇ ಅದನ್ನು ನಡೆಸುತ್ತಿದೆ. ಹೆಂಗಸರಿಗೆ ಮಾತ್ರ ಎಂಬ ನಿಯಮ ತಾರತಮ್ಯವೆಂಬ ದೂರು ಬಂದಾಗ 1995ರಲ್ಲಿ ರಾಜ್ಯ ಸರ್ಕಾರ ತಾರತಮ್ಯ ವಿರೋಧಿ ಕಾಯ್ದೆಯಿಂದ ವಿನಾಯಿತಿ ಕೊಟ್ಟಿತು. ಗಂಡಸರ ಕಣ್ಣಿನಿಂದ ಮರೆಯಾಗಿ ಈಜಬಯಸುವ ವಯಸ್ಸಾದವರು, ಬಸುರಿಯರು, ಮುಸ್ಲಿಂ ಹೆಂಗಸರು ಅಲ್ಲಿಗೆ ಬರುತ್ತಾರೆ. ಹತೋಟಿಯ ಗೋಡೆಯೇ ಇಲ್ಲಿ ಆಸರೆಯಾಗಿದೆ.

ಬಣ್ಣದ ಗೋಡೆಗೆ ಇಂಥ ಸಮಾಧಾನವಿಲ್ಲ. ದಕ್ಷಿಣ ಆಫ್ರಿಕದಲ್ಲಿ 1953ರ ಪ್ರತ್ಯೇಕ ಸೌಕರ್ಯಗಳ ಕಾಯ್ದೆ ಕಡಲತೀರವನ್ನೂ ಕೊಳವನ್ನೂ ಜನಾಂಗಗಳಿಗೆ ಹಂಚಿತು. ನಗರಕ್ಕೆ ಹತ್ತಿರದ, ರೈಲಿನ ದಾರಿಯ ಒಳ್ಳೆಯ ಕೊಳಗಳು ಬಿಳಿಯರ ಪಾಲಾದವು. ಇತರರಿಗೆಂದು ದೂರದ, ಗಾಳಿ ಬೀಸುವ ತೀರಗಳಲ್ಲಿ ಸ್ಟ್ರಾಂಡ್‌ಫಾಂಟೇನ್‌ನಂಥ ಬೃಹತ್ ಕೊಳಗಳು ಎದ್ದವು. ಕಾಯ್ದೆ 1990ರಲ್ಲಿ ರದ್ದಾಯಿತು. ಕಾಂಕ್ರೀಟು ಇದ್ದಲ್ಲೇ ಇದೆ.

ಅಮೆರಿಕದ ಪಾಲಿಕೆ ಕೊಳಗಳ ಬಗ್ಗೆ ಜೆಫ್ ವಿಲ್ಟ್ಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನ ಈ ಪಂಥದ ಆಧಾರಸ್ತಂಭ. 1920ರ ದಶಕದಲ್ಲಿ ಗಂಡು ಹೆಣ್ಣು ಒಟ್ಟಿಗೆ ಈಜಲು ಶುರುವಾದಾಗಲೇ ಕಪ್ಪು ಜನರನ್ನು ಹೊರಗಿಡುವುದು ಬಿಗಿಯಾಯಿತು, ನ್ಯಾಯಾಲಯಗಳು ಬಾಗಿಲು ತೆರೆಸಿದ ಮೇಲೆ ಬಿಳಿಯರು ಖಾಸಗಿ ಕೊಳಗಳಿಗೆ ಹೊರಟುಹೋದರು, ಪಾಲಿಕೆಗಳು ಖರ್ಚು ಮಾಡುವುದನ್ನು ಬಿಟ್ಟವು ಎಂಬುದು ಅವರ ವಾದ. ಖಾಸಗಿಯವರೇನೂ ಮೇಲಿರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಸಮುದ್ರದಂಡೆಯ ಸೂಟ್ರೋ ಸ್ನಾನಗೃಹದಲ್ಲಿ ಪ್ರವೇಶ ನಿರಾಕರಿಸಿದ್ದಕ್ಕೆ ಜಾನ್ ಹ್ಯಾರಿಸ್ ಎಂಬ ಕಪ್ಪು ವ್ಯಕ್ತಿ 1897ರಲ್ಲಿ ದಾವೆ ಹೂಡಿ ಗೆದ್ದಿದ್ದ. ಮುಂಬೈಯ ಬ್ರೀಚ್ ಕ್ಯಾಂಡಿ ಕೊಳ ಸ್ವಾತಂತ್ರ್ಯ ಬಂದು ವರ್ಷಗಳಾದರೂ ಯುರೋಪಿಯನ್ನರ ಕೋಟೆಯಾಗಿಯೇ ಇತ್ತು.

ಈ ಪಂಥ ಯಾರು ಹೊರಗುಳಿದರು ಎಂಬುದನ್ನು ಬೇರಾರೂ ಹೇಳದಷ್ಟು ಚೆನ್ನಾಗಿ ಹೇಳುತ್ತದೆ. ಒಳಗಿದ್ದವರ ಸಂತೋಷ ಅದರ ಕಣ್ಣಿಗೆ ಅಷ್ಟಾಗಿ ಬೀಳುವುದಿಲ್ಲ.

ಸರ್ಕಾರಕ್ಕಿಂತ ಮೊದಲು ಜನ

ನಾಲ್ಕನೆಯವರು ಪ್ರಶ್ನೆಯನ್ನೇ ತಿರುಗಿಸುತ್ತಾರೆ. ಸರ್ಕಾರ ಕಟ್ಟಿತು ಎಂದು ಏಕೆ ಶುರುಮಾಡುತ್ತೀರಿ? ನ್ಯೂ ಸೌತ್ ವೇಲ್ಸ್ ಕರಾವಳಿಯ ಸುಮಾರು ನೂರು ಕೊಳಗಳಲ್ಲಿ ಎಷ್ಟೋ ಮೊದಲಿಗೆ ಬಂಡೆಯ ನಡುವಿನ ಗುಂಡಿಗಳಾಗಿದ್ದವು. ಊರವರು ಕಲ್ಲು ಜೋಡಿಸಿದರು, ಈಜು ಸಂಘಗಳು ಚಂದಾ ಎತ್ತಿದವು, ಪುರಸಭೆ ಸಿಮೆಂಟು ಮತ್ತು ನಾಮಫಲಕದೊಡನೆ ಆಮೇಲೆ ಬಂತು. ಕೂಜಿಯಲ್ಲಿ 1907ರಲ್ಲಿ ಕೊಳ ಕಟ್ಟಿದ ಹೆನ್ರಿ ವೈಲಿ ಖಾಸಗಿ ವ್ಯಕ್ತಿ. ಅವನ ಮಗಳು ಮೀನಾ ವೈಲಿ 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ, ಮಹಿಳೆಯರಿಗೆ ಮೊದಲ ಸಲ ಈಜು ಸ್ಪರ್ಧೆ ಇಟ್ಟಾಗ, ಬೆಳ್ಳಿ ಗೆದ್ದಳು. ಚಿನ್ನ ಗೆದ್ದ ಫ್ಯಾನಿ ಡ್ಯುರಾಕ್ ಅವಳ ಗೆಳತಿ. ಆ ಕೊಳ ಈಗ ಸಾರ್ವಜನಿಕ ಸ್ವತ್ತು.

ಈ ಕೊಳಗಳ ಬಗ್ಗೆ 2011ರಲ್ಲಿ ಪಿಎಚ್.ಡಿ. ಪ್ರಬಂಧ ಬರೆದ ಮರಿ-ಲೂಯಿಸ್ ಮೆಕ್‌ಡರ್ಮಾಟ್ ಒತ್ತು ಕೊಡುವುದು ಒಡನಾಟಕ್ಕೆ: ಸಮುದ್ರದ ಕಾಡುತನವನ್ನು ಪೂರ್ತಿ ಕಳೆಯದೆ ಮುದುಕರು, ಮಕ್ಕಳು, ಪಟುಗಳು ಒಂದೇ ನೀರಿನಲ್ಲಿ ಬೆರೆಯುವ ಜಾಗ. ನನಗೆ ಈ ಪಂಥದ ಮೇಲೆ ಒಲವಿದೆ. ಆದರೂ ಒಂದು ತಕರಾರು. ಕಡಲತೀರದ ನೆಲ ಬಹುಪಾಲು ಸರ್ಕಾರದ್ದು. ಅದರ ಒಪ್ಪಿಗೆಯೋ, ಕಂಡೂ ಕಾಣದಂತಿರುವ ಔದಾರ್ಯವೋ ಇಲ್ಲದೆ ಸಂಘದವರ ಗುದ್ದಲಿ ಏಳುತ್ತಿರಲಿಲ್ಲ.

ಪೋರ್ಚುಗಲ್ಲಿನ ಲೆಸಾ ದ ಪಾಲ್ಮೇರಾ ಕೊಳಗಳು ಯಾವ ಪಂಥಕ್ಕೂ ಸಲೀಸಾಗಿ ಒಗ್ಗುವುದಿಲ್ಲ. ಮತೊಸಿನ್ಯೋಸ್ ಪುರಸಭೆಗಾಗಿ ಯುವಕ ಆಲ್ವಾರೊ ಸೀಜಾ ರೂಪಿಸಿ 1966ರಲ್ಲಿ ಮುಗಿದ ಈ ಕೊಳಗಳಲ್ಲಿ ಬಂಡೆ ಎಲ್ಲಿ ಮುಗಿದು ಕಾಂಕ್ರೀಟು ಎಲ್ಲಿ ಶುರುವಾಯಿತೆಂದು ಹೇಳುವುದು ಕಷ್ಟ. 2011ರಲ್ಲಿ ಅದು ರಾಷ್ಟ್ರೀಯ ಸ್ಮಾರಕವಾಯಿತು. ಸರ್ವಾಧಿಕಾರದ ಕಾಲದ ಒಂದು ಪುರಸಭೆ ಇಂಥದ್ದಕ್ಕೆ ಹಣ ಕೊಟ್ಟಿತು.

ಕೈಬಿಟ್ಟ ಕಾಲ

1960ರ ದಶಕದ ಕೊನೆಯಿಂದ ಲಿಡೊಗಳು ಸಾಲಾಗಿ ಸತ್ತವು. ಸ್ಯಾನ್ ಫ್ರಾನ್ಸಿಸ್ಕೊ ನಗರ 1925ರಲ್ಲಿ ತೆರೆದಿದ್ದ ಫ್ಲೈಶ್‌ಹ್ಯಾಕರ್ ಕೊಳ ಸಾವಿರ ಅಡಿ ಉದ್ದ, 150 ಅಡಿ ಅಗಲ. ಲೈಫ್‌ಗಾರ್ಡ್‌ಗಳು ಅದರೊಳಗೆ ದೋಣಿಯಲ್ಲಿ ಓಡಾಡುತ್ತಿದ್ದರು. ಬಿರುಗಾಳಿಗೆ ಕೊಳವೆ ಒಡೆದ ನೆಪದಲ್ಲಿ 1971ರಲ್ಲಿ ಮುಚ್ಚಿದರು, ಈಗ ಅಲ್ಲಿ ಮೃಗಾಲಯದ ವಾಹನ ನಿಲ್ದಾಣವಿದೆ. ಮೊರ್ಕಾಂಬ್ 1976ರಲ್ಲಿ, ಬ್ಲ್ಯಾಕ್‌ಪೂಲ್ 1983ರಲ್ಲಿ ನೆಲಸಮವಾದವು. 1989ರಲ್ಲಿ ಸ್ಕಾರ್‌ಬರೋ ಬಾಗಿಲು ಹಾಕಿತು, 1990ರ ಬಿರುಗಾಳಿಗೆ ನ್ಯೂ ಬ್ರೈಟನ್ ಬಲಿಯಾಯಿತು.

ಅಗ್ಗದ ವಿಮಾನಗಳು ಬ್ರಿಟಿಷರನ್ನು ಸ್ಪೇನಿಗೆ ಹೊತ್ತೊಯ್ದವು ಎಂಬುದು ಎಲ್ಲರೂ ಕೊಡುವ ಕಾರಣ. ನಿಜ, ಆದರೆ ಅರ್ಧ ನಿಜ. ಉಪ್ಪುನೀರು ಕಾಂಕ್ರೀಟಿನ ಒಳಗಿನ ಕಬ್ಬಿಣವನ್ನು ತಿನ್ನುತ್ತದೆ. ಪಂಪು, ಕೊಳವೆ, ಶೋಧಕ ಯಾವುದೂ ಹೆಚ್ಚು ವರ್ಷ ಬಾಳುವುದಿಲ್ಲ. ಕಟ್ಟುವಾಗ ಕೇಂದ್ರದ ಅನುದಾನ ಬಂದಿತ್ತು, ರಿಪೇರಿಯ ಬಿಲ್ಲು ಪುರಸಭೆಯ ತಲೆಗೇ ಬಂತು. 1930ರ ದಶಕದ ಕೊಳಗಳೆಲ್ಲ ಒಟ್ಟಿಗೆ ಹುಟ್ಟಿದ್ದರಿಂದ ಒಟ್ಟಿಗೇ ಮುದಿಯಾದವು. ಪಂಪಿಲ್ಲದ ಬಂಡೆಕೊಳಗಳು ಆ ಹೊತ್ತಿಗೂ ಬದುಕಿದ್ದವು, ಏಕೆಂದರೆ ಅವಕ್ಕೆ ಬೇಕಾದದ್ದು ಒಬ್ಬ ಆಳು, ಒಂದು ಸಲಿಕೆ, ಸ್ವಲ್ಪ ಸಿಮೆಂಟು.

ಉಳಿದ ಲಿಡೊಗಳನ್ನು ಉಳಿಸಿದ್ದು ಬಹುಪಾಲು ಜಗಳಗಂಟ ನಾಗರಿಕರು. ಟಿನ್‌ಸೈಡ್ 1992ರಲ್ಲಿ ಮುಚ್ಚಿ, 1998ರಲ್ಲಿ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿ, 2005ರಲ್ಲಿ ಮತ್ತೆ ತೆರೆಯಿತು. ಬ್ಯೂಡ್‌ನಲ್ಲಿ ಆಡಳಿತ ಖರ್ಚಿನಿಂದ ಹಿಂದೆ ಸರಿದಾಗ 2011ರಲ್ಲಿ ಊರವರೇ ದತ್ತಿಸಂಸ್ಥೆ ಕಟ್ಟಿಕೊಂಡರು. ಸಾಲ್ಟ್‌ಡೀನ್‌ನಲ್ಲಿ ಫ್ಲ್ಯಾಟ್ ಕಟ್ಟುವ ಯೋಜನೆಯನ್ನು ಎದುರಿಸಿ ನಿಂತವರ ಸಂಸ್ಥೆ ಗುತ್ತಿಗೆ ಪಡೆದು 2017ರಲ್ಲಿ ಕೊಳವನ್ನು ಮತ್ತೆ ತೆರೆಯಿತು. 2014ರ ಬಿರುಗಾಳಿಗೆ ಒಡೆದ ಜ್ಯುಬಿಲಿ ಕೊಳವೂ ಊರಿನ ಸಂಸ್ಥೆಯ ಕೈಗೆ ಬಂದು, ಜನರಿಗೆ ಷೇರು ಮಾರಿ, ಐರೋಪ್ಯ ನಿಧಿಯ ನೆರವು ಪಡೆದು 2020ರಲ್ಲಿ ಭೂಗರ್ಭದ ಶಾಖದಿಂದ ಒಂದು ಭಾಗವನ್ನು ಬಿಸಿಮಾಡಿತು.

ಇದನ್ನು ಸಮುದಾಯದ ಗೆಲುವು ಎಂದು ಹಾಡಿ ಹೊಗಳುವವರಿದ್ದಾರೆ. ಅನುದಾನ ಕೊಡುವ ಬ್ರಿಟನ್ನಿನ ಲಾಟರಿ ನಿಧಿಗೆ ಅರ್ಜಿ ಬರೆಯಬಲ್ಲ ನಿವೃತ್ತ ವಕೀಲರು, ಲೆಕ್ಕಿಗರು ಇರುವ ಊರಿಗೆ ಇದು ಸಾಧ್ಯ. ಬಡ ಊರಿನ ಕೊಳಕ್ಕೆ ಅಂಥ ಗೆಳೆಯರು ಎಲ್ಲಿ ಸಿಗುತ್ತಾರೆ? ಮೊರ್ಕಾಂಬ್‌ನಲ್ಲಿ ಯಾರೂ ಸಿಗಲಿಲ್ಲ.

ನಮ್ಮ ಕರಾವಳಿಯ ಮಾತು

ಭಾರತದಲ್ಲಿ ಚೆನ್ನೈ ಪಾಲಿಕೆಯ ಮರೀನಾ ಈಜುಕೊಳದಂಥ ಕೆಲವನ್ನು ಬಿಟ್ಟರೆ ಈ ಪರಂಪರೆ ಬೆಳೆಯಲಿಲ್ಲ. ಸುಮಾರು 320 ಕಿಲೋಮೀಟರ್ ಕರಾವಳಿಯ ಕರ್ನಾಟಕದಲ್ಲಿ ಸರ್ಕಾರ ಈಜಿಗೆ ಹಣ ಹಾಕಿದ್ದು ಊರೊಳಗೆ. ಮಂಗಳೂರಿನ ಎಮ್ಮೆಕೆರೆಯಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ಕಟ್ಟಿದ ಅಂತರರಾಷ್ಟ್ರೀಯ ಮಟ್ಟದ ಕೊಳ 2023ರಲ್ಲಿ ತೆರೆಯಿತು. ಸಮುದ್ರದ ದಡದಲ್ಲಿ ಸರ್ಕಾರ ಹಿಡಿದದ್ದು ಬೇರೆ ದಾರಿ. ಪಡುಬಿದ್ರಿ, ಕಾಸರಕೋಡು ತೀರಗಳು 2020ರಲ್ಲಿ ಸ್ವಚ್ಛ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮಾನ್ಯತೆ ಪಡೆದವು: ಗಡಿ ಗುರುತಿಸಿದ ನೀರು, ಲೈಫ್‌ಗಾರ್ಡ್, ಶೌಚಾಲಯ.

1991ರಿಂದ ಜಾರಿಯಲ್ಲಿರುವ, 2011 ಮತ್ತು 2019ರಲ್ಲಿ ಮತ್ತೆ ಬರೆದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಉಬ್ಬರವಿಳಿತದ ಗೆರೆಗಳ ನಡುವಿನ ನೆಲದಲ್ಲಿ ಶಾಶ್ವತ ಕಟ್ಟಡಕ್ಕೆ ತೀರಾ ಬಿಗಿ. ಪ್ರಕೃತಿಯೂ ಬಿಗಿಯೇ. ನಮ್ಮ ಉಬ್ಬರದ ಏರಿಳಿತ ನ್ಯೂ ಸೌತ್ ವೇಲ್ಸ್‌ಗಿಂತ ಬಹಳ ಬೇರೆಯಲ್ಲ, ಆದರೆ ನಮ್ಮ ತೀರ ಹೆಚ್ಚಾಗಿ ಮರಳಿನದು, ಮಳೆಗಾಲದ ಕಡಲು ಆ ಮರಳನ್ನು ಎತ್ತಿ ಎಲ್ಲೆಲ್ಲೋ ಹಾಕುತ್ತದೆ. ಉಳ್ಳಾಲದ ಕಡಲ್ಕೊರೆತ ಕಂಡವರಿಗೆ ಅಲೆಗೆ ಎದುರಾಗಿ ಗೋಡೆ ಕಟ್ಟುವ ಮಾತು ಬೇಗ ರುಚಿಸದು.

ಅಷ್ಟಕ್ಕೇ ವಿಷಯ ಮುಗಿಯುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರದಲ್ಲಿ, ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಸಮುದ್ರದ ಪಾಲಾದರು. ಒಳನಾಡಿನ ಮಕ್ಕಳಿಗೆ ಕಡಲನ್ನು ಕಾಣುವ ಆಸೆ ಎಷ್ಟು ಸಹಜವೋ ಅದರ ಸೆಳೆತ ಗೊತ್ತಿಲ್ಲದಿರುವುದೂ ಅಷ್ಟೇ ಸಹಜ. ನಿಷೇಧದ ಹಲಗೆ ನೆಟ್ಟು ಈ ಆಸೆಯನ್ನು ತಡೆಯಲಾಗದು.

ಇನ್ನೂ ಇತ್ಯರ್ಥವಾಗದ್ದು

ಒಂದು, ಕೊಳವೋ ಲೈಫ್‌ಗಾರ್ಡೋ? ಅದೇ ಹಣದಲ್ಲಿ ಹೆಚ್ಚು ಜೀವ ಉಳಿಸುವುದು ಯಾವುದು ಎಂಬ ವಾದ ಆಸ್ಟ್ರೇಲಿಯಾದಲ್ಲೇ ಮುಗಿದಿಲ್ಲ. ಕೊಳ ಈಜು ಕಲಿಸುತ್ತದೆ, ಆದರೆ ಕಲಿತವರ ಧೈರ್ಯ ಅವರನ್ನು ಆಳಕ್ಕೆ ಒಯ್ಯುತ್ತದೆ ಎಂಬ ಅನುಮಾನವೂ ಇದೆ.

ಎರಡು, ಏರುತ್ತಿರುವ ಸಮುದ್ರ. ಉಬ್ಬರದ ಗೆರೆಗೆ ಅಳೆದು ಕಟ್ಟಿದ ಗೋಡೆ, ಗೆರೆಯೇ ಮೇಲೇರಿದರೆ ಏನಾಗಬೇಕು? ಗೋಡೆ ಎತ್ತರಿಸಿದರೆ ಪಾರಂಪರಿಕ ಕಟ್ಟಡದ ರೂಪ ಕೆಡುತ್ತದೆ, ಬಿಟ್ಟರೆ ಕೊಳ ಮುಳುಗುತ್ತದೆ. ಬಂಡೆಯ ಜೀವಜಾಲವನ್ನು ಕೆಡಿಸುತ್ತದೆ ಎಂದು ಹೊಸ ಕೊಳವನ್ನು ವಿರೋಧಿಸುವವರೂ, ಹಳೆಯ ಕೊಳದಲ್ಲೇ ಏಡಿ, ಮೀನು ನೆಲೆಸಿರುವುದನ್ನು ತೋರಿಸುವವರೂ ಇದ್ದಾರೆ. ಇಬ್ಬರ ಮಾತಿಗೂ ಆಧಾರವಿದೆ.

ಮೂರನೆಯದು ನನ್ನ ಪ್ರಕಾರ ಮುಖ್ಯವಾದದ್ದು: ನಿರ್ವಹಣೆ ಯಾರ ಕರ್ತವ್ಯ? ಬ್ರಿಟಿಷ್ ಕಾಯ್ದೆ 1846ರಿಂದಲೇ ಕಟ್ಟುವ ಅಧಿಕಾರ ಕೊಟ್ಟಿತೇ ಹೊರತು ಕಟ್ಟಲೇಬೇಕೆಂಬ ಹೊಣೆ ಹೊರಿಸಲಿಲ್ಲ. ಆರೋಗ್ಯದ ವಾದ, ಕೂಲಿಯ ವಾದ, ಹತೋಟಿಯ ವಾದ ಎಲ್ಲವೂ ಉದ್ಘಾಟನೆಯ ದಿನದವರೆಗೆ ಮಾತ್ರ ನಮ್ಮನ್ನು ಕರೆದೊಯ್ಯುತ್ತವೆ. ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ಪಾಲಿಕೆ 1922ರ ತನ್ನ ಕಡಲ ಸ್ನಾನಗೃಹಕ್ಕೆ 2019ರಲ್ಲಿ ಖಾಸಗಿ ಹೂಡಿಕೆದಾರರನ್ನು ಹುಡುಕಿದಾಗ ಊರೇ ತಿರುಗಿಬಿತ್ತು. ಶತಮಾನ ಸಮೀಪಿಸುತ್ತಿದ್ದ ಕೊಳದ ರಿಪೇರಿ ಯಾರ ಲೆಕ್ಕಕ್ಕೆ ಎಂಬುದು ಆಗಲೂ ಚರ್ಚೆಯ ವಿಷಯವೇ ಆಗಿತ್ತು.

ನಮ್ಮ ಕರಾವಳಿಗೂ ನಾಳೆ ಯಾವುದಾದರೂ ಇಲಾಖೆ ಇಂಥ ಯೋಜನೆಯ ನೀಲನಕ್ಷೆ ತರಬಹುದು. ತಂದರೆ ಚಿತ್ರವನ್ನು ಆಮೇಲೆ ನೋಡಿ. ಅಂದಾಜು ಪಟ್ಟಿಯಲ್ಲಿ ಮೂವತ್ತನೆಯ ವರ್ಷದ ನಿರ್ವಹಣೆಗೆ ಹಣ ಯಾವ ಲೆಕ್ಕಶೀರ್ಷಿಕೆಯಿಂದ ಬರುತ್ತದೆ ಎಂಬ ಸಾಲು ಇದೆಯೇ ಎಂದು ಮೊದಲು ಹುಡುಕಿ, ಇಲ್ಲದಿದ್ದರೆ ಗ್ರಾಮಸಭೆಯಲ್ಲೋ ಪುರಸಭೆಯಲ್ಲೋ ಎದ್ದು ನಿಂತು ಕೇಳಿ.